ರೈತನ ಮನೆಯ ಚಾವಣಿಯೂ ಸೂರ್ಯಶಕ್ತಿಯೂ

ಬಿಸಿಲನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವ ವಿದ್ಯೆಯು ಕನ್ನಡನಾಡಿನ ಗ್ರಾಮಸ್ಥರಿಗೆ ಹೊಸದಲ್ಲ. ಬಯಲುಸೀಮೆಯ ತೊಟ್ಟಿಮನೆಗಳ ನಡುವಣ ತೊಟ್ಟಿಯೂ, ಉತ್ತರದ ಜಿಲ್ಲೆಗಳ ಮಾಳಿಗೆಮನೆಗಳ ಬೆಳಕಿಂಡಿಯೂ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಅಡಿಗೆಯ ಕೋಣೆಯ ಮೇಲಣ ಒಂದೆರಡು ಗಾಜಿನ ಹೆಂಚುಗಳೂ ಈ ಕೆಲಸವನ್ನೇ ಮಾಡುತ್ತ ಬಂದಿವೆ. ಇವುಗಳಲ್ಲಿ ಯಾವುದನ್ನೂ ಮನೆ ಮುಗಿದ ತರುವಾಯ ತಂದು ಸೇರಿಸಿದ್ದಲ್ಲ. ತೊಲೆ ಜಂತೆಗಳನ್ನು ಕೂರಿಸುವಾಗಲೇ ಬಡಗಿಯು ಅವುಗಳ ಸ್ಥಳವನ್ನು ಗೊತ್ತುಮಾಡುತ್ತಿದ್ದನು. ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪತ್ತಿಮಾಡುವ ಸೌರಫಲಕಗಳ ವಿಷಯದಲ್ಲಿ ಮಾತ್ರ ಈ ಪೂರ್ವಾಲೋಚನೆಯು ಸಾಮಾನ್ಯವಾಗಿ ಕಂಡುಬರುವುದಿಲ್ಲ. ಗೃಹಪ್ರವೇಶವು ಮುಗಿದು ವರ್ಷವಾದ ಮೇಲೆ ಫಲಕಗಳು ಬರುತ್ತವೆ. ಆಗ ಹೆಂಚು ಸರಿಸಿ, ಗೋಡೆ ಕೊರೆದು, ಎಲ್ಲಿ ಜಾಗವಿದ್ದರೆ ಅಲ್ಲಿ ಅವನ್ನು ನಿಲ್ಲಿಸುವುದಾಗಿದೆ. ಮುಂದಿನ ಮಳೆಗಾಲದಲ್ಲಿ ಬಿತ್ತನೆಯ ಕಾಳಿಟ್ಟ ಕೋಣೆಯು ಸೋರಲಾರಂಭಿಸಿದರೆ ತಪ್ಪು ಯಾರದೆಂದು ಹೇಳುವುದು ಕಷ್ಟ.

ಬೆಳಕಿನಿಂದ ವಿದ್ಯುಚ್ಛಕ್ತಿಯು ಹುಟ್ಟುವುದನ್ನು ಫ್ರಾನ್ಸ್ ದೇಶದ ಬೆಕೆರೆಲ್ ಎಂಬವರು ೧೮೩೯ರಲ್ಲಿ ಕಂಡುಹಿಡಿದರು. ಬಳಕೆಗೆ ಯೋಗ್ಯವಾದ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೫೪ರಲ್ಲಿ ಸಿದ್ಧವಾಯಿತು. ಅದೇ ದೇಶದ ಡೆಲಾವೇರ್ ವಿಶ್ವವಿದ್ಯಾನಿಲಯದವರು ೧೯೭೩ರಲ್ಲಿ ಸೌರಕೋಶಗಳನ್ನು ಚಾವಣಿಯಲ್ಲಿಯೇ ಅಡಕಮಾಡಿದ ಒಂದು ಮನೆಯನ್ನು ಕಟ್ಟಿ ಪರೀಕ್ಷಿಸಿದರು. ತರುವಾಯ ಜರ್ಮನಿಯ ಫ್ರೈಬರ್ಗ್ ನಗರದಲ್ಲಿ ರಾಲ್ಫ್ ಡಿಶ್ ಎಂಬ ಶಿಲ್ಪಿಯು ಸಾಲುಮನೆಗಳ ಬಡಾವಣೆಯೊಂದನ್ನು ರಚಿಸಿ, ಅದರ ಮಾಡುಗಳನ್ನು ಸೌರಫಲಕಗಳಿಂದಲೇ ಹೊದಿಸಿದನು. ಆದರೆ ಅಲ್ಲಿಯ ಸೂರ್ಯನು ವರ್ಷವಿಡೀ ದಕ್ಷಿಣದಲ್ಲಿಯೇ ಇರುವನು. ಚಳಿ ಹೆಚ್ಚು, ಮಳೆಯ ಆರ್ಭಟ ಕಡಮೆ. ಆದಕಾರಣ ಅಲ್ಲಿಯ ಮಾದರಿಯನ್ನು ತೀರ್ಥಹಳ್ಳಿಯಲ್ಲಿಯಾಗಲಿ ಚಳ್ಳಕೆರೆಯಲ್ಲಿಯಾಗಲಿ ಇದ್ದಂತೆಯೇ ಅನುಸರಿಸುವುದು ಯುಕ್ತವಲ್ಲ.

ಫಲಕವನ್ನು ಮನೆಗೆ ಹೊಂದಿಸುವ ಕ್ರಮಗಳು ಎರಡು. ಇರುವ ಚಾವಣಿಯ ಮೇಲೆ ಚೌಕಟ್ಟನ್ನು ನಿಲ್ಲಿಸಿ ಅದರ ಮೇಲೆ ಹಾಸುವುದು ಒಂದು. ಹೆಂಚು ತಗಡುಗಳನ್ನು ಬಿಟ್ಟು ಫಲಕವನ್ನೇ ಚಾವಣಿಯನ್ನಾಗಿ ಮಾಡುವುದು ಇನ್ನೊಂದು. ಎರಡನೆಯದರಿಂದ ಹೆಂಚಿನ ಖರ್ಚು ಉಳಿಯುವುದೆಂಬುದು ನಿಜ. ಆದರೆ ಫಲಕವು ಹೆಂಚಿನ ಸ್ಥಾನಕ್ಕೆ ಬಂದೊಡನೆ ಹೆಂಚು ಮಾಡುತ್ತಿದ್ದ ಕೆಲಸಗಳೆಲ್ಲವೂ ಅದರ ಪಾಲಿಗೆ ಬೀಳುತ್ತವೆ.

ಮೊದಲನೆಯದು ನೀರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಆ ಹೆಂಚು ಪಶ್ಚಿಮ ಕರಾವಳಿಯ ಜಡಿಮಳೆಯನ್ನು ತಡೆದುಕೊಂಡು ಬಂದಿದೆ. ಇದರ ಗುಟ್ಟು ಮಣ್ಣಿನಲ್ಲಿ ಎಷ್ಟಿದೆಯೋ ಹೊದಿಕೆಯಲ್ಲಿಯೂ ಅಷ್ಟೇ ಇದೆ. ಒಂದು ಹೆಂಚು ಇನ್ನೊಂದರ ಮೇಲೆ ಹೊದ್ದುಕೊಂಡಿರುವುದರಿಂದ ಯಾವ ಅಂಟೂ ಇಲ್ಲದೆ ನೀರು ಇಳಿದುಹೋಗುತ್ತದೆ. ಸೌರಫಲಕಗಳಾದರೋ ಒಂದರ ಮೇಲೊಂದು ಹೊದ್ದುಕೊಳ್ಳುವುದಿಲ್ಲ. ಒಂದರ ಪಕ್ಕದಲ್ಲಿ ಒಂದು ಕೂರುತ್ತವೆ. ಹೊದಿಸಿದರೆ ಮೇಲಣ ಫಲಕದ ನೆರಳು ಕೆಳಗಣದರ ಮೇಲೆ ಬಿದ್ದು ಉತ್ಪತ್ತಿಯು ಕೆಡುವುದು. ಆದುದರಿಂದ ಪ್ರತಿಯೊಂದು ಸಂದಿಯ ಕೆಳಗೂ ಅಲ್ಯೂಮಿನಿಯಮ್ ತಗಡಿನ ಕಿರುದೋಣಿಯು ಸೂರಿನವರೆಗೆ ಹರಿದಿರಬೇಕು. ಸಂದಿಗೆ ರಬ್ಬರಿನ ಪಟ್ಟಿಯನ್ನು ಒತ್ತಿ, ಇದೇ ಸಾಕೆಂದು ಹೇಳುವ ಕೆಲಸಗಾರನ ಮಾತನ್ನು ನಂಬತಕ್ಕದ್ದಲ್ಲ. ರಬ್ಬರು ಬಿಸಿಲಿನಲ್ಲಿ ಒಣಗಿ ಬಿರಿಯುವ ಪದಾರ್ಥ; ದೋಣಿ ಹಾಗಲ್ಲ.

ಎರಡನೆಯದು ಗಾಳಿ. ಮಂಗಳೂರು ಹೆಂಚೊಂದರ ತೂಕ ಎರಡು ಕಿಲೋಗ್ರಾಮಿಗೂ ಹೆಚ್ಚು. ಒಂದು ಚದರ ಮೀಟರಿಗೆ ಸುಮಾರು ೧೫ ಹೆಂಚುಗಳು ಬೇಕಾಗುವುದರಿಂದ ಅಷ್ಟು ಸ್ಥಳದ ಮೇಲೆ ೩೦ ಕಿಲೋಗ್ರಾಮಿಗೆ ಮೀರಿದ ಭಾರವಿರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಸೌರಫಲಕದ ಭಾರವು ಅಷ್ಟೇ ಸ್ಥಳಕ್ಕೆ ೧೧ರಿಂದ ೧೩ ಕಿಲೋಗ್ರಾಮು ಮಾತ್ರ. ಫಲಕವನ್ನು ತೊಲೆಗಳು ಹೊರಲಾರವೇನೋ ಎಂದು ಅನೇಕರು ಹೆದರುತ್ತಾರೆ. ಹೆಂಚಿನ ಬದಲಿಗೆ ಫಲಕವನ್ನಿಟ್ಟರೆ ಭಾರವು ಇಳಿಯುವುದೇ ಹೊರತು ಏರುವುದಿಲ್ಲ. ಭಯಪಡಬೇಕಾದುದು ಬೇರೆ ಕಡೆಯಲ್ಲಿದೆ. ಹೆಂಚಿನ ಮಾಡು ಬಹುಮಟ್ಟಿಗೆ ತನ್ನ ಭಾರದಿಂದಲೇ ನಿಂತಿರುತ್ತದೆ. ಹಗುರವಾದ ಫಲಕದ ಮಾಡಿನ ಕೆಳಗೆ ಬಿರುಗಾಳಿಯು ಹೊಕ್ಕರೆ ಅದನ್ನು ರೀಪುಗಳ ಸಮೇತ ಎತ್ತಿ ಎಸೆಯಬಲ್ಲದು. ಆದಕಾರಣ ಫಲಕವನ್ನು ರೀಪಿಗೆ, ರೀಪನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ತಳಹದಿಯ ಕಾಂಕ್ರೀಟಿಗೆ ಬೋಲ್ಟಿನಿಂದ ಬಿಗಿಯಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಉಳಿದವುಗಳಿಂದ ಪ್ರಯೋಜನವಿಲ್ಲ. ಮನೆ ಮುಗಿದ ಮೇಲೆ ಕಂಬದ ಬುಡಕ್ಕೆ ಬೋಲ್ಟು ಕೂರಿಸುವುದು ಎಷ್ಟು ತೊಂದರೆಯ ಕೆಲಸವೆಂಬುದನ್ನು ಯಾವ ಮೇಸ್ತ್ರಿಯಾದರೂ ಹೇಳಬಲ್ಲನು.

ಮೂರನೆಯದು ಸೆಕೆ. ಬಿಸಿಲು ಹೆಚ್ಚಿದಷ್ಟೂ ಉತ್ಪತ್ತಿ ಹೆಚ್ಚುವುದು ಸರಿ. ಆದರೆ ಫಲಕದ ಮೈ ಕಾದಷ್ಟೂ ಅದರ ಶಕ್ತಿಯು ಕುಗ್ಗುತ್ತದೆ. ೨೫ ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಪ್ರತಿಯೊಂದು ಡಿಗ್ರಿಗೆ ನೂರಕ್ಕೆ ಸುಮಾರು ೦.೩ರಿಂದ ೦.೪ ಪಾಲು ನಷ್ಟ. ಬೇಸಗೆಯ ಮಧ್ಯಾಹ್ನದಲ್ಲಿ ಫಲಕವು ೬೦ ಡಿಗ್ರಿಗೆ ಕಾಯುವುದು ಅಪರೂಪವಲ್ಲ. ಆಗ ನೂರರಲ್ಲಿ ಹತ್ತು ಹನ್ನೆರಡು ಪಾಲು ಹೋಗಿಬಿಡುತ್ತದೆ. ಬೆನ್ನಿಗೆ ಗಾಳಿಯಾಡುವಂತಿದ್ದರೆ ನಷ್ಟವು ಕಡಮೆ. ವಾಸದ ಕೋಣೆಗೆ ಫಲಕವನ್ನೇ ಚಾವಣಿ ಮಾಡಿ, ಕೆಳಗಿನಿಂದ ಹಲಗೆ ಹೊಡೆದು ಮುಚ್ಚಿದರೆ ಗಾಳಿಗೆ ದಾರಿಯಿಲ್ಲದೆ ಫಲಕವೂ ಬೇಯುತ್ತದೆ, ಕೆಳಗೆ ಮಲಗುವವರೂ ಬೇಯುತ್ತಾರೆ.

ಈ ಮೂರು ಕಾರಣಗಳಿಂದ, ವಾಸದ ಕೋಣೆಗಳ ಮೇಲೆ ಹೆಂಚನ್ನಾಗಲಿ ತಾರಸಿಯನ್ನಾಗಲಿ ಇದ್ದಂತೆಯೇ ಉಳಿಸಿಕೊಂಡು, ಫಲಕವನ್ನೇ ಚಾವಣಿಯಾಗಿ ಮಾಡುವ ಕ್ರಮವನ್ನು ಜಗಲಿಗೂ ಕೊಟ್ಟಿಗೆಗೂ ಮೀಸಲಾಗಿಡುವುದು ಲೇಸು. ಅಲ್ಲಿ ಗೋಡೆಗಳಿಲ್ಲದೆ ಗಾಳಿಯು ಸ್ವಚ್ಛಂದವಾಗಿ ಆಡುವುದು. ಒಂದೆರಡು ಹನಿ ಸೋರಿದರೂ ಧಾನ್ಯಕ್ಕೆ ಹಾನಿಯಿಲ್ಲ. ೫೪೦ ವಾಟಿನ ಫಲಕವೊಂದು ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲವಿರುತ್ತದೆ. ಇಂತಹ ನಾಲ್ಕನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿದರೆ ೧೫ ಅಡಿ ಉದ್ದದ ಜಗಲಿಗೆ ಮಾಡು ಸಿದ್ಧವಾಯಿತು. ಅದು ಎರಡು ಕಿಲೋವಾಟಿಗೆ ಸ್ವಲ್ಪ ಮೇಲೆಯೇ ಆಯಿತು. ಒಂದು ಕಿಲೋವಾಟಿನಿಂದ ದಿನವೊಂದಕ್ಕೆ ಸರಾಸರಿ ನಾಲ್ಕು ಯೂನಿಟ್ ದೊರೆಯುವುದರಿಂದ, ದೀಪ, ಫ್ಯಾನು, ಮಿಕ್ಸಿ, ಫ್ರಿಜ್ಜುಗಳುಳ್ಳ ಸಾಧಾರಣ ಸಂಸಾರಕ್ಕೆ ಈ ಜಗಲಿಯೇ ಸಾಕು. ಹೆಂಚನ್ನು ಕತ್ತರಿಸಬಹುದು, ಫಲಕವನ್ನು ಕತ್ತರಿಸಲಾಗದು. ಆದ್ದರಿಂದ ಕೊಳ್ಳಲಿರುವ ಫಲಕದ ಅಳತೆಯನ್ನು ಮೊದಲು ತಿಳಿದು, ಅದಕ್ಕೆ ಸರಿಯಾಗಿ ಕಂಬಗಳ ಅಂತರವನ್ನು ಗುರುತಿಸತಕ್ಕದ್ದು.

ಕೊಟ್ಟಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಗಣಿ ಗಂಜಲಗಳಿಂದ ಏಳುವ ಅಮೋನಿಯಾ ಆವಿಯು ಫಲಕದ ಚೌಕಟ್ಟನ್ನೂ ತಂತಿಯ ಜೋಡಣೆಗಳನ್ನೂ ನಿಧಾನವಾಗಿ ತಿನ್ನುತ್ತದೆ. ಅಮೋನಿಯಾವನ್ನು ತಡೆಯುವುದೆಂದು ಪರೀಕ್ಷೆಯಾದ ಫಲಕಗಳು ದೊರೆಯುತ್ತವೆ. ಕೊಟ್ಟಿಗೆಗೆ ಅವನ್ನೇ ಕೇಳಿ ಕೊಳ್ಳಬೇಕು. ಸಮುದ್ರ ತೀರದಲ್ಲಿ ವಾಸಿಸುವವರು ಉಪ್ಪುಗಾಳಿಯ ಪರೀಕ್ಷೆಯನ್ನು ವಿಚಾರಿಸತಕ್ಕದ್ದು.

ಇನ್ನು ದಿಕ್ಕು ಮತ್ತು ಇಳಿಜಾರು. ಬೆಂಗಳೂರು, ಮಂಗಳೂರುಗಳು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯನು ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ; ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಅವನು ನೆತ್ತಿಯನ್ನು ದಾಟಿ ಉತ್ತರದ ಕಡೆಯಲ್ಲಿ ಹಾಯುತ್ತಾನೆ. ಹೀಗಿರುವುದರಿಂದ ದಕ್ಷಿಣದಿಕ್ಕಿಗೆ ೧೦ರಿಂದ ೧೫ ಡಿಗ್ರಿ ಇಳಿಜಾರು ಉತ್ತಮ. ಮೇಲೆ ಹೇಳಿದ ಏಳೂವರೆ ಅಡಿಯ ಫಲಕದ ಮೇಲಂಚು ಕೆಳಗಿನ ಅಂಚಿಗಿಂತ ಎರಡಡಿ ಎತ್ತರವಾಗಿದ್ದರೆ ೧೫ ಡಿಗ್ರಿ ಆಯಿತೆಂದು ತಿಳಿಯಬಹುದು. ಇದಕ್ಕಿಂತ ಬಹಳ ಚಪ್ಪಟೆಯಾದರೆ ಧೂಳು ಮಳೆಯಲ್ಲಿ ತೊಳೆದುಹೋಗದೆ ಕೆಳಗಿನ ಅಂಚಿನಲ್ಲಿ ಕೆಸರಾಗಿ ನಿಲ್ಲುವುದು. ಮನೆಯ ಮುಖವು ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ಚಿಂತಿಸಬೇಕಾದುದಿಲ್ಲ. ಇಷ್ಟು ಸಣ್ಣ ಇಳಿಜಾರಿನಲ್ಲಿ ಅದರಿಂದಾಗುವ ನಷ್ಟವು ಅಲ್ಪ. ವಾಸ್ತುವಿಗಾಗಿ ಬಾಗಿಲನ್ನು ತಿರುಗಿಸುವವರುಂಟು, ಫಲಕಕ್ಕಾಗಿ ತಿರುಗಿಸುವ ಅಗತ್ಯವಿಲ್ಲ.

ನೆರಳು ಮಾತ್ರ ಕ್ಷಮಿಸುವುದಿಲ್ಲ. ಫಲಕದೊಳಗಿನ ಕೋಶಗಳು ಒಂದರ ಹಿಂದೆ ಒಂದು ಸೇರಿಕೊಂಡಿರುವುದರಿಂದ, ಕಾಲುವೆಯ ಒಂದು ಕಡೆ ಕಟ್ಟೆ ಹಾಕಿದಂತೆ, ಒಂದು ಮೂಲೆಯ ನೆರಳು ಆ ಸಾಲಿನ ಪ್ರವಾಹವನ್ನೆಲ್ಲ ತಗ್ಗಿಸುತ್ತದೆ. ಡಿಸೆಂಬರಿನಲ್ಲಿ ೫೦ ಅಡಿ ಎತ್ತರದ ತೆಂಗಿನ ಮರದ ನೆರಳು ನಡುಮಧ್ಯಾಹ್ನದಲ್ಲಿ ನೆಲದ ಮೇಲೆ ಉತ್ತರಕ್ಕೆ ಸುಮಾರು ೩೭ ಅಡಿ ಚಾಚುತ್ತದೆ; ಬೆಳಗ್ಗೆ ಒಂಬತ್ತರ ಸುಮಾರಿಗೆ ೭೫ ಅಡಿಗೂ ಮೀರುತ್ತದೆ. ಆದುದರಿಂದ ಮನೆಯ ದಕ್ಷಿಣಕ್ಕಿರುವ ಮರಗಳನ್ನೇ ಮುಖ್ಯವಾಗಿ ಗಮನಿಸತಕ್ಕದ್ದು. ಹೊಸದಾಗಿ ನೆಡುವ ತೆಂಗನ್ನು ಉತ್ತರಕ್ಕೆ ನೆಟ್ಟರೆ ತೊಂದರೆಯು ಬಹಳ ಕಡಮೆ. ಫಲ ಕೊಡುತ್ತಿರುವ ಮರವನ್ನು ಫಲಕಕ್ಕಾಗಿ ಕಡಿಯುವುದಂತೂ ಲೆಕ್ಕಕ್ಕೆ ಹೊಂದುವುದಿಲ್ಲ. ನಾಡತೆಂಗು ಅರುವತ್ತು ವರ್ಷ ಕಾಯಿ ಬಿಡುವುದು; ಫಲಕಕ್ಕೆ ತಯಾರಕರು ಹೊಣೆ ಹೊರುವುದು ಸಾಮಾನ್ಯವಾಗಿ ೨೫ ವರ್ಷ. ಜಗಲಿಯ ಮೇಲೆ ನೆರಳಿದ್ದರೆ ಕೊಟ್ಟಿಗೆಗೆ ಹೋಗಬೇಕು. ಅಡಿಕೆ ಒಣಗಿಸುವ ಅಂಗಳವನ್ನು ಫಲಕಕ್ಕೆ ಬಿಟ್ಟುಕೊಡುವುದೂ ಹೀಗೆಯೇ ಅವಿವೇಕ. ಆ ಬಿಸಿಲಿಗೆ ಈಗಾಗಲೇ ಕೆಲಸವಿದೆ.

ಸ್ನಾನದ ನೀರಿಗೆ ಸೌರಫಲಕದ ವಿದ್ಯುಚ್ಛಕ್ತಿಯನ್ನು ವೆಚ್ಚಮಾಡಬಾರದು. ನೀರನ್ನು ನೇರವಾಗಿ ಬಿಸಿಲಿನಿಂದ ಕಾಯಿಸುವ ಹೀಟರೇ ಸುಲಭ. ೧೦೦ ಲೀಟರಿಗೆ ಎರಡು ಚದರ ಮೀಟರಿನ ಹಾಸು ಸಾಕು. ಬಿಸಿನೀರು ತಾನಾಗಿ ಮೇಲೇರುವುದರಿಂದ ಹಂಡೆಯು ಹಾಸಿಗಿಂತ ಮೇಲಿರಬೇಕು, ತಣ್ಣೀರ ತೊಟ್ಟಿಯು ಹಂಡೆಗಿಂತಲೂ ಮೇಲಿರಬೇಕು. ಬಚ್ಚಲುಮನೆಯ ಮೇಲೆಯೇ ಇದಕ್ಕೆ ಗಟ್ಟಿಯಾದ ತಾರಸಿಯನ್ನು ಹಾಕಿಸಿದರೆ ಕೊಳವೆಯ ಉದ್ದವೂ ದಾರಿಯಲ್ಲಿ ಆರುವ ನೀರೂ ಕಡಮೆಯಾಗುತ್ತವೆ.

ವಿದ್ಯುತ್ ಕಂಪೆನಿಯ ಲೈನಿಗೆ ಸೇರಿಸಿದ, ಬ್ಯಾಟರಿಯಿಲ್ಲದ ಏರ್ಪಾಟಿನಲ್ಲಿ ಒಂದು ಸಂಗತಿಯು ಅನೇಕರಿಗೆ ತಿಳಿದಿರುವುದಿಲ್ಲ. ಲೈನಿನಲ್ಲಿ ವಿದ್ಯುತ್ತು ನಿಂತರೆ ಮಾಡಿನ ವಿದ್ಯುತ್ತೂ ಆ ಕ್ಷಣವೇ ನಿಲ್ಲುವುದು. ಕಂಬವನ್ನು ಹತ್ತಿ ದುರಸ್ತಿಮಾಡುವವನ ಪ್ರಾಣರಕ್ಷಣೆಗಾಗಿ ಇನ್ವರ್ಟರನ್ನು ಹಾಗೆ ರಚಿಸಲಾಗಿದೆ. ಪದೇ ಪದೇ ಕತ್ತಲಾಗುವ ಊರಿನವನು ಇದನ್ನು ಅರಿಯದೆ ಸಾಲಮಾಡಿ ಫಲಕ ಹಾಕಿಸಿದರೆ, ಸುಡುವ ಬಿಸಿಲಿನಲ್ಲಿಯೂ ನಿಂತ ಫ್ಯಾನಿನ ಕೆಳಗೆ ಕುಳಿತು ಮಾರಿದವನನ್ನು ಶಪಿಸುವನು. ಅಂತಹ ಸ್ಥಳಗಳಲ್ಲಿ ಸಣ್ಣ ಬ್ಯಾಟರಿಯೊಂದನ್ನು ಕೂಡಿಸಿಕೊಂಡ ಇನ್ವರ್ಟರು ಬೇಕು. ಅದಕ್ಕೆ ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಗೂಡನ್ನು ಜಗಲಿಯ ಗೋಡೆಯಲ್ಲಿ ಕಟ್ಟುವಾಗಲೇ ಬಿಡಿಸಬಹುದು.

ಹಣದ ಸಹಾಯಕ್ಕೆ, ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ ೩೦,೦೦೦ ರೂಪಾಯಿ, ಮೂರಕ್ಕೂ ಮೇಲ್ಪಟ್ಟದ್ದಕ್ಕೂ ಒಟ್ಟು ೭೮,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಕೋಶಗಳು ಭಾರತದಲ್ಲಿಯೇ ತಯಾರಾದ ಫಲಕಗಳಿಗೆ ಮಾತ್ರ ಇದು ಸಲ್ಲುವುದರಿಂದ, ಮುಂಗಡ ಕೊಡುವ ಮುನ್ನ ಆ ಅಂಶವನ್ನು ಬರೆಹದಲ್ಲಿ ಪಡೆದಿರಬೇಕು.

ಮಲೆನಾಡಿನವರು ಮಂಗಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುವುದು. ಫಲಕದ ಗಾಜು ಹೆಂಚಿಗಿಂತ ಗಟ್ಟಿಯಾಗಿದ್ದು ಅವುಗಳ ಕುಣಿತಕ್ಕೆ ಒಡೆಯುವುದು ಅಪರೂಪ. ಆದರೆ ಕೆಳಗೆ ಜೋತುಬಿದ್ದ ತಂತಿಯನ್ನು ಅವು ಎಳೆಯದೆ ಬಿಡುವುದಿಲ್ಲ. ತಂತಿಗಳನ್ನು ರೀಪಿನ ಒಳಮಗ್ಗುಲಿಗೆ ಕಟ್ಟಿ, ಗೋಡೆಗೆ ಗಾರೆ ಮೆತ್ತುವ ಮುಂಚೆಯೇ ಹೂತಿಟ್ಟ ಒಂದು ಅಂಗುಲದ ಕೊಳವೆಯ ಮೂಲಕ ಒಳಕ್ಕೆ ಇಳಿಸತಕ್ಕದ್ದು. ಕೊಳವೆಯ ಮೇಲ್ತುದಿಯನ್ನು ಕೆಳಮುಖವಾಗಿ ಬಗ್ಗಿಸಿದ್ದರೆ ಮಳೆಯ ನೀರು ಅದರೊಳಕ್ಕೆ ಇಳಿಯುವುದಿಲ್ಲ.