ಬೇಟೆ ಬಂಗಲೆಯ ಅಂಗಳದಲ್ಲಿ ಭೀಮರಾಜ

ಬಿಳಿಗಿರಿರಂಗನಬೆಟ್ಟದ ಕಾಡಿನೊಳಗಿರುವ ಕ್ಯಾತದೇವರ ಗುಡಿ, ಅಂದರೆ ಎಲ್ಲರ ಬಾಯಲ್ಲಿರುವ ಕೆ. ಗುಡಿ, ಮೈಸೂರು ಅರಸರ ಬೇಟೆಯ ಬಿಡಾರವಾಗಿತ್ತು. ಅವರ ಹಳೆಯ ಬಂಗಲೆ ಈಗ ಜಂಗಲ್ ಲಾಡ್ಜಸ್ ಸಂಸ್ಥೆಯ ಸುಪರ್ದಿಯಲ್ಲಿದೆ. ಕಾಡು 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು.

ಕೇರಳ ಗಡಿಯ ಮದ್ದೂರು ವಲಯ, ಗುಂಡ್ಲುಪೇಟೆ ದಾಟಿ ಬೇಸಿಗೆಯಲ್ಲಿ ಇಲ್ಲಿಗೆ ಬರುವವರು ಬಂಡೀಪುರದ ಬೋಳು ಮರಗಳನ್ನು ಕಂಡೇ ಬಂದಿರುತ್ತಾರೆ. ಹೊಂಡರಬಾಳು ಚೆಕ್‌ಪೋಸ್ಟ್ ಕಳೆದು ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಬಂಗಲೆಗೆ ಕಾರಂಜಿ, ಪಾತಿಗಳ ಸೊಬಗಿಲ್ಲ, ಮರಗಳ ನಡುವಿನ ಹುಲ್ಲುಹಾಸೇ ಅದರ ತೋಟ. ಮೇ ತಿಂಗಳ ಮೊದಲ ಮಳೆ ಬಿದ್ದು ಗರಿಕೆ ಚಿಗುರಿದರೆ ಜಿಂಕೆಗಳು ಅಂಗಳಕ್ಕೇ ಬರುತ್ತವೆ. ಮುಸುವಗಳು ಕಚ್ಚಿ ಉದುರಿಸಿದ ಚಿಗುರನ್ನು ಅವು ಮರದಡಿಯಲ್ಲೇ ನಿಂತು ಮೇಯುತ್ತವೆ. ಹಂದಿಗಳು ಮೂತಿಯಿಂದ ನೆಲ ಅಗೆಯುತ್ತವೆ. ಜೀಪಿನಲ್ಲಿ ಹುಲಿ ಅರಸಿ ಹೊರಟವರು ಬಿಟ್ಟುಹೋಗುವುದು ಇದನ್ನೆಲ್ಲ.

ಅಂಗಳದ ನಿಜವಾದ ಒಡೆಯ ಮಾತ್ರ ಭೀಮರಾಜ. ಕುವೆಂಪು ಓದಿದವರಿಗೆ ಕಾಜಾಣ ಹೊಸದಲ್ಲ. ಅದೇ ಕುಲದ ಈ ಹಕ್ಕಿಯ ಬಾಲದ ಅಂಚಿನ ಎರಡು ಗರಿಗಳು ಬರೀ ಕಡ್ಡಿಯಾಗಿ ಉದ್ದಕ್ಕೆ ಚಾಚಿ, ತುದಿಯಲ್ಲಿ ಮಾತ್ರ ಎಲೆಯಂತೆ ಅರಳಿ ತಿರುಚಿಕೊಂಡಿರುತ್ತವೆ. ಹಾರುವಾಗ ಎರಡು ಕರಿದುಂಬಿಗಳು ಅದರ ಬೆನ್ನಟ್ಟಿದಂತೆ ತೋರುತ್ತದೆ. ಬಾಲಕ್ಕಿಂತಲೂ ಬೆರಗು ಅದರ ಗಂಟಲು. ಪನ್ನಗಾರಿಯ ಸಿಳ್ಳು ಕೇಳಿ ಆಕಾಶ ನೋಡಿದರೆ ಅಲ್ಲಿ ಯಾವ ಗಿಡುಗವೂ ಇರುವುದಿಲ್ಲ. ಕೊಂಬೆಯ ಮೇಲೆ ಕೂತ ಭೀಮರಾಜ ಮರುಕ್ಷಣ ಪಿಕಳಾರವಾಗಿ, ಆಮೇಲೆ ಹರಟೆಮಲ್ಲನಾಗಿ ಕೂಗುತ್ತಿರುತ್ತದೆ.

ಈ ಅನುಕರಣೆ ಏಕೆ? ಆಫ್ರಿಕಾದ ಕಲಹರಿಯ ಕಾಜಾಣ ಬೇರೆ ಪ್ರಾಣಿಗಳ ಅಪಾಯದ ಕೂಗನ್ನು ಸುಳ್ಳುಸುಳ್ಳೇ ಹೊರಡಿಸಿ, ಅವು ಬಿಟ್ಟೋಡಿದ ಆಹಾರ ಕದಿಯುವುದು ಸಾಬೀತಾಗಿದೆ. ಭೀಮರಾಜನಿಗೂ ಅದೇ ಕಳ್ಳತನ ಹೊರಿಸುವುದು ಅವಸರದ ಮಾತು. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಅದರ ಬಳಗದ ಕಾಜಾಣಗಳನ್ನು ಅಭ್ಯಸಿಸಿದ ಎಬೆನ್ ಗುಡೇಲ್ ಮತ್ತು ಸರತ್ ಕೊಟಗಾಮ ಕಂಡದ್ದು ಬೇರೆಯೇ. ಆ ಹಕ್ಕಿಗಳು ಇತರ ಜಾತಿಗಳ ದನಿಯಲ್ಲಿ ಕೂಗಿ ಅವನ್ನು ಒಂದೇ ಗುಂಪಾಗಿ ಕೂಡಿಸುತ್ತವೆ. ಗುಂಪು ಎಲೆ ಸರಿಸಿ ಎಬ್ಬಿಸಿದ ಹುಳುಗಳು ಕಾಜಾಣದ ಪಾಲಿಗೆ, ಶತ್ರು ಬಂದರೆ ಮೊದಲ ಎಚ್ಚರಿಕೆ ಗುಂಪಿನ ಪಾಲಿಗೆ. ಕೆ. ಗುಡಿಯ ಅಂಗಳದಲ್ಲಿ ಮರಕುಟಿಗದ ಹಿಂದೆ ಭೀಮರಾಜ ಕೊಂಬೆಯಿಂದ ಕೊಂಬೆಗೆ ಸಾಗುವುದನ್ನು ನೋಡಿದರೆ ಈ ವಿವರಣೆಯೇ ಒಪ್ಪುವಂತಿದೆ.

ಏಪ್ರಿಲ್‌ನಿಂದ ಅದರ ಮರಿ ಮಾಡುವ ಕಾಲ. ಎತ್ತರದ ಕೊಂಬೆಯ ಕವಲಿನಲ್ಲಿ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಆಗ ಗೂಡಿನ ಮರದಿಂದ ದೂರ ನಿಂತೇ ನೋಡಬೇಕು. ಬೆಳಕು ಹರಿಯುವ ಹೊತ್ತಿಗೆ ಬಂಗಲೆಯ ಜಗಲಿಯಲ್ಲಿ ಕೂತರೆ ಮೊದಲು ಕೂಗುವ ಹಕ್ಕಿಗಳಲ್ಲಿ ಅದೂ ಒಂದು.