ಮರಳುಹಾದಿಯ ಸವಾರಿ

ಮೋಟಾರು ಪಂದ್ಯಗಳಲ್ಲಿ ಸ್ತ್ರೀಯರ ಪ್ರವೇಶ ನಿನ್ನೆ ಮೊನ್ನೆಯದಲ್ಲ. ಪೇಟೆಯಲ್ಲಿ ಮಾರಾಟವಾಗುವ ಮಾದರಿಯ ಕಾರುಗಳನ್ನೇ ಓಡಿಸುವ ಸ್ಟಾಕ್ ಕಾರ್ ಪಂದ್ಯವು ಅಮೆರಿಕದಲ್ಲಿ ಇನ್ನೂ ಶೈಶವದಲ್ಲಿದ್ದಾಗ, 1949ರ ಜೂನ್ 19ರಂದು ಷಾರ್ಲಟ್ ನಗರದ ಪಂದ್ಯದಲ್ಲಿ ಸಾರಾ ಕ್ರಿಶ್ಚಿಯನ್ ಎಂಬಾಕೆ ಪುರುಷರಿಗೆ ಸಮನಾಗಿ ಕಾರು ಓಡಿಸಿದ್ದರು. ಅದೇ ವರ್ಷ ಪಿಟ್ಸ್‌ಬರ್ಗಿನ ಬಳಿ ನಡೆದ ಇನ್ನೊಂದು ಪಂದ್ಯದಲ್ಲಿ ಆಕೆಗೆ ಐದನೆಯ ಸ್ಥಾನ ದೊರೆಯಿತು. ಇದಾದ ಎಪ್ಪತ್ತು ವರ್ಷಗಳ ಮೇಲೆ, ಭಾರತಕ್ಕೆ ಮೋಟಾರು ಕ್ರೀಡೆಯ ವಿಶ್ವಕಪ್ ತಂದವರೂ ಒಬ್ಬ ಮಹಿಳೆಯೇ. ಅವರೇ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ.

ಐಶ್ವರ್ಯಾ ಅವರ ವಾಹನ ಕಾರಲ್ಲ, ಮೋಟಾರ್ ಸೈಕಲ್. ಅವರು ಗೆದ್ದ ಪಂದ್ಯಕ್ಕೆ 'ಬಾಜಾ' ಎಂದು ಹೆಸರು. ಮೆಕ್ಸಿಕೋ ದೇಶದ ಬಾಜಾ ಕ್ಯಾಲಿಫೋರ್ನಿಯಾ ಎಂಬ ಪರ್ಯಾಯದ್ವೀಪದ ಮರುಭೂಮಿ ಓಟದಿಂದ ಬಂದ ಹೆಸರಿದು. ಇಲ್ಲಿ ದುಂಡನೆಯ ಪಂದ್ಯಪಥವಿಲ್ಲ, ಡಾಂಬರು ರಸ್ತೆಯಿಲ್ಲ. ಮರಳದಿಬ್ಬ, ಕಲ್ಲುಗುಡ್ಡ, ಒಣಹಳ್ಳಗಳ ನಡುವೆ, ಹುಬ್ಬಳ್ಳಿಯಿಂದ ಧಾರವಾಡಕ್ಕಿರುವ 20 ಕಿಲೋಮೀಟರಿನ ಹಲವು ಪಟ್ಟು ದೂರವನ್ನು ಸವಾರರು ಒಬ್ಬೊಬ್ಬರಾಗಿಯೇ ಕ್ರಮಿಸಬೇಕು. ದಾರಿ ತೋರಿಸುವವರು ಯಾರೂ ಇರುವುದಿಲ್ಲ. ಹ್ಯಾಂಡಲಿನ ಮೇಲೆ ಕೂರಿಸಿದ ಪೆಟ್ಟಿಗೆಯಲ್ಲಿ ಕಾಗದದ ಒಂದು ಸುರುಳಿಯಿರುತ್ತದೆ. ಎಷ್ಟು ದೂರದಲ್ಲಿ ಯಾವ ತಿರುವು, ಎಲ್ಲಿ ಅಪಾಯ ಎಂಬುದನ್ನು ಅದರಲ್ಲಿ ಬಾಣಗಳಿಂದಲೂ ಅಂಕೆಗಳಿಂದಲೂ ಸೂಚಿಸಿರುತ್ತಾರೆ. ವೇಗ ತಗ್ಗಿಸದೆ, ಹಾದಿಯಿಂದ ಕ್ಷಣಮಾತ್ರ ಕಣ್ಣು ಸರಿಸಿ ಅದನ್ನು ಓದಿಕೊಳ್ಳಬೇಕು. ಓದುವುದರಲ್ಲಿ ತಪ್ಪಿದವನಿಗೆ ವೇಗವಿದ್ದೂ ಫಲವಿಲ್ಲ. ತೋಳಿನ ಬಲಕ್ಕಿಂತ ಚಿತ್ತದ ಏಕಾಗ್ರತೆಯನ್ನೇ ಈ ಪಂದ್ಯ ಹೆಚ್ಚಾಗಿ ಬೇಡುತ್ತದೆ ಎನ್ನಬೇಕು.

ಈ ವಿದ್ಯೆಗಾಗಿ ಐಶ್ವರ್ಯಾ ತೆತ್ತ ಬೆಲೆ ಅಲ್ಪವಲ್ಲ. 2017ರಲ್ಲಿ ಹಿಮಾಲಯದ ರ್‍ಯಾಲಿಯೊಂದರಲ್ಲಿ ಬಿದ್ದು ಅವರ ಕೊರಳೆಲುಬು ಮುರಿಯಿತು. 2018ರಲ್ಲಿ ಸ್ಪೇನ್ ದೇಶದ ಅರಗಾನ್ ಪಂದ್ಯದಲ್ಲಿ ಮತ್ತೆ ಬಿದ್ದು, ಮೇದೋಜೀರಕ ಗ್ರಂಥಿಗೆ ತೀವ್ರವಾದ ಪೆಟ್ಟಾಯಿತು. ಹೀಗಿದ್ದೂ ಮರುವರ್ಷ ಅವರು ಬಾಜಾ ವಿಶ್ವಕಪ್ಪಿನ ಕಣಕ್ಕಿಳಿದರು. ಅದರ ಸುತ್ತುಗಳಲ್ಲಿ ಅರಗಾನ್ ಕೂಡ ಒಂದಾಗಿತ್ತು.

2019ರ ಆ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಐಶ್ವರ್ಯಾ ದುಬೈ ಸುತ್ತನ್ನು ಗೆದ್ದು 25 ಅಂಕ ಪಡೆದರು. ಪೋರ್ಚುಗಲ್ಲಿನಲ್ಲಿ ಮೂರನೆಯ ಸ್ಥಾನಕ್ಕೆ 16, ಅರಗಾನಿನಲ್ಲಿ ಐದನೆಯ ಸ್ಥಾನಕ್ಕೆ 11, ಆಗಸ್ಟ್ ತಿಂಗಳಲ್ಲಿ ಹಂಗೆರಿಯ ಕೊನೆಯ ಸುತ್ತಿನಲ್ಲಿ ನಾಲ್ಕನೆಯ ಸ್ಥಾನಕ್ಕೆ 13 ಅಂಕ ದೊರೆತವು. ಕಿರಿಯರ ವಿಭಾಗದಲ್ಲಿಯೂ ಅವರು ಎರಡನೆಯವರಾದರು. ಆಗ ಅವರ ವಯಸ್ಸು 23. ಮಹಿಳಾ ವಿಭಾಗದಲ್ಲಿ ಅವರ ಒಟ್ಟು ಗಳಿಕೆ 65. ಎರಡನೆಯ ಸ್ಥಾನ ಪಡೆದ ಪೋರ್ಚುಗಲ್ಲಿನ ರೀಟಾ ವಿಯೇರಾ ಅವರದು 61. ಹಿಂದಿನ ವರ್ಷ ಬಿದ್ದಿದ್ದ ಅರಗಾನಿನಲ್ಲಿ ಸಂಪಾದಿಸಿದ ಆ 11 ಅಂಕಗಳನ್ನು ಕಳೆದರೆ ಉಳಿಯುವುದು 54.