ಅಡು ಎಂಬ ಧಾತು

‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬುದು ಕನ್ನಡದ ಪ್ರಸಿದ್ಧ ಗಾದೆ. ಇಲ್ಲಿನ ‘ಅಟ್ಟ’ ಎಂಬ ಪದವನ್ನು ಕೇಳಿದೊಡನೆ ಅನೇಕರಿಗೆ ಮನೆಯ ಅಟ್ಟವೇ ನೆನಪಾಗುತ್ತದೆ. ಆದರೆ ಅಟ್ಟದ ಮೇಲೆ ಒಲೆ ಉರಿಯುವುದೆಂತು?

ಇದಕ್ಕೆ ಉತ್ತರ ವ್ಯಾಕರಣದಲ್ಲಿದೆ. ಕೆಡು ಧಾತುವಿನಿಂದ ‘ಕೆಟ್ಟ’, ಸುಡು ಧಾತುವಿನಿಂದ ‘ಸುಟ್ಟ’, ನೆಡು ಧಾತುವಿನಿಂದ ‘ನೆಟ್ಟ’ ಎಂಬ ಭೂತಕಾಲದ ರೂಪಗಳು ಆಗುತ್ತವೆ. ಅಂತೆಯೇ ‘ಅಡು’ ಧಾತುವಿನ ಭೂತರೂಪ ‘ಅಟ್ಟ’. ಅಡು ಎಂದರೆ ಬೇಯಿಸು, ಪಾಕಮಾಡು ಎಂದರ್ಥ. ಅಡುಗೆ ಮುಗಿದ ಮೇಲೆ ಒಲೆ ಚೆನ್ನಾಗಿ ಉರಿದರೆ ಪ್ರಯೋಜನವಿಲ್ಲ. ಕೆಟ್ಟುಹೋದ ಮೇಲೆ ಬರುವ ಬುದ್ಧಿಯೂ ಹಾಗೆಯೇ. ಧಾತುವಿನ ಅರ್ಥ ತಿಳಿದೊಡನೆ ಗಾದೆಯ ಅರ್ಥವೂ ತಿಳಿಯಾಗುತ್ತದೆ.

ಈ ಧಾತು ಬಹು ಪ್ರಾಚೀನವಾದುದು. ತಮಿಳಿನಲ್ಲಿಯೂ ಬೇಯಿಸು ಎಂಬ ಅರ್ಥದ ‘ಅಡು’ ಉಂಟು. ಅಲ್ಲಿ ಒಲೆಗೆ ‘ಅಡುಪ್ಪು’ ಎಂದು ಹೆಸರು. ಮಲಯಾಳದಲ್ಲಿ ಅಡುಗೆಮನೆಯು ‘ಅಡುಕ್ಕಳ’ ಎನಿಸಿಕೊಳ್ಳುತ್ತದೆ. ಹಳಗನ್ನಡದಲ್ಲಿ ‘ಅಡು’ ಬಳಕೆಯಲ್ಲಿದ್ದ ಕ್ರಿಯಾಪದ. ಕಿಟೆಲ್ ಅವರು 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಇದು ದಾಖಲಾಗಿದೆ.

ಮಾತು ಹಳತಾಗುವುದು ಹೊಸ ಸಂಗತಿಯಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದನು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅದರಲ್ಲಿಯೇ ಹಿಂದಿನವರ ಭಾಷೆಯನ್ನು ‘ಪೞಗನ್ನಡ’ವೆಂದು ಕರೆದಿದೆ! ಇಂದು ನಮಗೆ ಹಳೆಯದಾದ ಆ ಭಾಷೆಗೂ ಅದಕ್ಕಿಂತ ಹಳೆಯದೊಂದು ಇತ್ತು.

ಇಂದು ಯಾರೂ ಅನ್ನವನ್ನು ‘ಅಡುವುದಿಲ್ಲ’, ‘ಅಡುಗೆ ಮಾಡುತ್ತಾರೆ’. ಉಡು–ಉಡುಗೆ, ಕೊಡು–ಕೊಡುಗೆ ಎಂಬಂತೆ ಅಡು ಧಾತುವಿಗೆ ‘ಗೆ’ ಪ್ರತ್ಯಯ ಸೇರಿ ‘ಅಡುಗೆ’ ಆಯಿತು. ತಾಯಿಯಂತಿದ್ದ ಧಾತು ಮರೆಯಾಗಿ ಮಗಳಂತಿರುವ ನಾಮಪದ ಉಳಿಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಮಾತಿನಲ್ಲಿ ಅದೇ ಪದ ‘ಅಡಗಿ’ಯಾಗಿ ನಿತ್ಯವೂ ಕೇಳಿಬರುತ್ತದೆ. ‘ಅಡುಗೂಲಜ್ಜಿಯ ಕಥೆ’ ಎಂಬ ಮಾತಿನಲ್ಲಿಯೂ ಇದೇ ಧಾತು ಅಡಗಿದೆ. ದಾರಿಹೋಕರಿಗೆ ಕೂಳನ್ನು ಅಟ್ಟಿಕ್ಕಿ, ಕಥೆ ಹೇಳುತ್ತಿದ್ದ ಅಜ್ಜಿಯೇ ಅಡುಗೂಳಜ್ಜಿ.

ಬಳಕೆ ತಪ್ಪಿದ ಧಾತುವು ಹೀಗೆ ಗಾದೆಯಲ್ಲಿ, ಕಥೆಯಲ್ಲಿ, ಅಡುಗೆಮನೆಯ ಮಾತಿನಲ್ಲಿ ಉಳಿದುಬಂದಿದೆ. ಅದರ ಅರ್ಥವನ್ನು ಮರೆತರೆ ಹಿರಿಯರ ಅನುಭವದ ನುಡಿಯೇ ನಮಗೆ ಒಗಟಾಗುತ್ತದೆ.